ದ್ರಾಕ್ಷಿಗೆ ಚಾಟ್ನಿ ಅನ್ನಿ, ಸೊನೆ ಮಾತ್ರ ಬೇಡ

ಗೆಳೆಯರೇ,

ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ (ಇಂಗ್ಲಿಷಿನ ಪ್ರೂನಿಂಗ್), ಕತ್ತರಿಸಿದಲ್ಲಿ ಸೋರುವುದಕ್ಕೆ (ಸ್ಯಾಪ್) ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದ್ದೀರಿ, ಕರಪತ್ರ ನಾಳೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಮೊದಲು ಪದ ಹೇಳಿಬಿಡುತ್ತೇನೆ. ವಿಜಯಪುರದ ಬೆಳೆಗಾರರಿಗಾದರೆ ಕತ್ತರಿಸುವುದಕ್ಕೆ 'ಚಾಟ್ನಿ' ಅಂತಲೇ ಬರೆಯಿರಿ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

'ಶಾಖಾಕರ್ತನ' ಬೇಡವೇ ಬೇಡ. ಕತ್ತರಿ ಹಿಡಿದವರ ಬಾಯಲ್ಲಿ ನಾನದನ್ನು ಒಮ್ಮೆಯೂ ಕೇಳಿಲ್ಲ. 'ಕಸಿ'ಯೂ ಆಗದು. ಕಾಫಿ ತೋಟದಲ್ಲಿ ಗಿಡದ ರೆಂಬೆ ಕತ್ತರಿಸಿದರೆ ಕಸಿ, ನೆರಳಿನ ಮರದ ಕೊಂಬೆ ಕಡಿದರೆ ಮರಗಸಿ. ಉಳಿದ ಕಡೆ ಕಸಿ ಅಂದರೆ ಎರಡು ಗಿಡ ಕೂಡಿಸುವುದು, ಅಲ್ವಾ? 'ಸವರು' ಒಳ್ಳೆಯ ಪದ. ಮಾವು, ದಾಳಿಂಬೆಗಾದರೆ ನಾನೂ ಅದನ್ನೇ ಬರೆಯುತ್ತೇನೆ. ಆದರೆ ನಿಮ್ಮ ಕರಡಿನಲ್ಲಿ 'ಸವರಿದ ಜಾಗಕ್ಕೆ ಬೋರ್ಡೋ ಮುಲಾಮು ಸವರಿ' ಅಂತಿದೆ. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ, ಅದಕ್ಕೆ ಎರಡನೆಯ 'ಸವರಿ'ಯನ್ನು 'ಹಚ್ಚಿ' ಮಾಡಿ.

ಸೋರುವುದಕ್ಕೆ 'ಸೊನೆ' ಅನ್ನುವ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಸೊನೆ ಅಂಟುತ್ತದೆ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮಿ ತುಟಿ ಸುಡುವುದು ಸೊನೆ. ಹಲಸಿನದು ಮೇಣ, ಅತ್ತಿಯದು ಹಾಲು. ದ್ರಾಕ್ಷಿಯದು ಇದಾವುದೂ ಅಲ್ಲ. ಸೋದರಮಾವನ ತೋಟದಲ್ಲಿ ಚಾಟ್ನಿಯ ಮರುದಿನ ಬೆಳಿಗ್ಗೆ ನೋಡಿದ್ದೇನೆ. ಕತ್ತರಿಸಿದ ತುದಿಯಲ್ಲಿ ಹನಿ ತುಂಬಿಕೊಂಡು, ಜಾರಿ, ಕೆಳಗಿನ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೇಲೆ ನಿಲ್ಲುತ್ತಿತ್ತು. ಬೆರಳಿಟ್ಟು ನೋಡಿದೆ, ಬರೀ ನೀರು. ಬೇರು ನೀರನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ, ಅದನ್ನು ಬಳಸಿಕೊಳ್ಳಲು ಎಲೆ ಇಲ್ಲ. ಚಿಗುರು ಬಂದರೆ ನಿಲ್ಲುತ್ತದೆ. ಕೆನಡಾದಲ್ಲಿ ಚಳಿಗಾಲ ಮುಗಿಯುವಾಗ ಮೇಪಲ್ ಮರದಿಂದ ಇಳಿಸುವುದೂ ಹೀಗೇ ತೆಳ್ಳಗಿರುತ್ತದೆ. ಸುಮಾರು 40 ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ. ಇದಕ್ಕೆ 'ರಸ' ಸಾಕು, 'ರಸ ಸೋರುವುದು' ಅನ್ನಿ. ಇಂಗ್ಲಿಷಿನ 'ಬ್ಲೀಡಿಂಗ್' ನೋಡಿ 'ರಕ್ತಸ್ರಾವ' ಅನ್ನುವುದು ತಪ್ಪು. ಓದಿದ ರೈತ ಸುಮ್ನೆ ಗಾಬರಿಯಾಗುತ್ತಾನೆ.

ಚಾಟ್ನಿ ಮರಾಠಿಯದು, ತೆಗೆಯಿರಿ ಎಂದು ಹಿಂದಿನ ಓಲೆಯಲ್ಲಿ ಒಬ್ಬರು ಹೇಳಿದ್ದಾರೆ. ಹೌದು, ಛಾಟಣಿಯಿಂದ ಬಂದದ್ದು. ಗಡಿಯಾಚೆ ಸಾಂಗಲಿ, ಸೊಲ್ಲಾಪುರದಲ್ಲೂ ದ್ರಾಕ್ಷಿಯೇ ಬೆಳೆ. ಕೆಲಸ ಒಂದೇ ಆದಾಗ ಮಾತೂ ಹಂಚಿಹೋಗುತ್ತದೆ. 'ದ್ರಾಕ್ಷಿ' ಸಂಸ್ಕೃತದಿಂದ ಬಂದು ನಮ್ಮದಾಗಿಲ್ಲವೇ? ಅದನ್ನಿಟ್ಟುಕೊಂಡು ಚಾಟ್ನಿಯನ್ನು ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ. ತೋಟದವರ ಪದ ಬಿಟ್ಟು ಮನೆಯಲ್ಲಿ ಕೂತು ಹೊಸದು ಕಟ್ಟಿದರೆ ಕರಪತ್ರ ಯಾರಿಗೆ?

ನಿಮ್ಮ ಮೊದಲ ಸಾಲು ಹೀಗಿರಲಿ: 'ಮಣ್ಣು ತೀರಾ ಹಸಿಯಿದ್ದಾಗ ಚಾಟ್ನಿ ಮಾಡಬೇಡಿ, ಕಡ್ಡಿಯಿಂದ ರಸ ಜಾಸ್ತಿ ಸೋರುತ್ತದೆ.'