ಬೆಂಗಳೂರು–ಚೆನ್ನೈ ತಂಡ ಸೈಕಲ್ ಸವಾರಿ: ಹಿಂದಿನ ಚಕ್ರ ಎರಡು ದಿನದಲ್ಲಿ ಐದು ಸಲ ಪಂಕ್ಚರ್, ಇಂದು ರಾತ್ರಿಯೇ ಸಲಹೆ ಬೇಕು

ಕೊನೆಯ_ಸವಾರ, ರಾತ್ರಿ 7:40
ಎಂಟು ಜನರ ತಂಡವಾಗಿ ನಾವು ಬೆಂಗಳೂರಿನಿಂದ ಚೆನ್ನೈಗೆ ಹೊರಟಿದ್ದೇವೆ. ನಿನ್ನೆ ಹೊಸೂರಿನ ಮೇಲೆ ಕೃಷ್ಣಗಿರಿ ತಲುಪಿದೆವು, ಇಂದು ವಾಣಿಯಂಬಾಡಿ, ಆಂಬೂರು ದಾಟಿ ವೆಲ್ಲೂರಿಗೆ ಬಂದಿದ್ದೇವೆ. ನನ್ನ ಹಿಂದಿನ ಚಕ್ರದ ಗಾಳಿ ನಿನ್ನೆ ಒಂದು ಸಲ, ಇಂದು ನಾಲ್ಕು ಸಲ ಹೋಯಿತು. ಪ್ರತಿ ಸಲವೂ ಉಳಿದ ಏಳು ಮಂದಿ ನನಗಾಗಿ ಬಿಸಿಲಿನಲ್ಲಿ ನಿಂತರು. ಯಾರೂ ಒಂದು ಮಾತನ್ನೂ ಆಡಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಟೈರ್ ಹೊಸದು, ಅಳತೆ 700×28. ಒಳಗೆಲ್ಲ ಬೆರಳಾಡಿಸಿ ನೋಡಿದ್ದೇನೆ, ಮುಳ್ಳಿಲ್ಲ. ನಾಳೆ ಬೆಳಗಿನ ಐದಕ್ಕೆ ಕಾಂಚೀಪುರಕ್ಕೆ ಹೊರಡಬೇಕು. ಅಷ್ಟರೊಳಗೆ ಪರಿಹಾರ ಸಿಗದಿದ್ದರೆ ಕಾಟ್ಪಾಡಿಯಲ್ಲಿ ರೈಲು ಹತ್ತುವುದೊಂದೇ ನನಗೆ ಉಳಿದಿರುವ ದಾರಿ.

ಹೆದ್ದಾರಿ_ಹಳಬ, 7:55
ಇದು ತಂತಿಯದೇ ಕೆಲಸ, ಅನುಮಾನ ಬೇಡ. ಲಾರಿಯ ಟೈರ್ ಒಡೆದಾಗ ಅದರೊಳಗಿನ ಉಕ್ಕಿನ ಎಳೆಗಳು ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಸೇರುತ್ತವೆ, ನಾವು ಸೈಕಲ್ಲಿನವರು ಸಾಗುವುದೂ ಅದೇ ಅಂಚಿನಲ್ಲಿ. ಕೂದಲಿನಷ್ಟು ತೆಳುವಾದ ಆ ಚೂರು ಟೈರಿನ ರಬ್ಬರಿನಲ್ಲಿ ಹುದುಗಿಕೊಂಡು, ಭಾರ ಬಿದ್ದಾಗ ಮಾತ್ರ ಒಳಗೆ ತಲೆ ಹಾಕುವುದರಿಂದ ಬೆರಳಿಗೆ ಸಿಗುವುದಿಲ್ಲ. ಟೈರಿನ ಒಳಮೈಯನ್ನು ಹತ್ತಿಯಿಂದ ನಿಧಾನವಾಗಿ ಒರೆಸಿರಿ, ಹತ್ತಿಯ ಎಳೆ ಸಿಕ್ಕಿಕೊಂಡ ಜಾಗದಲ್ಲಿ ತಂತಿ ಇರುತ್ತದೆ. ಚಿಮುಟದಿಂದ ಕಿತ್ತುಬಿಡಿ.

ಕೊನೆಯ_ಸವಾರ, 8:35
ತಮ್ಮ ಮಾತು ನಿಜ ಸರ್, ಒಂದು ತಂತಿ ಸಿಕ್ಕಿತು, ಕಿತ್ತೆ. ಹೊಸ ಟ್ಯೂಬ್ ಹಾಕಿ ಗಾಳಿಯನ್ನು 110 ಪಿಎಸ್‌ಐ ಒತ್ತಡಕ್ಕೆ ತುಂಬಿಸಿ ಸೈಕಲ್ಲನ್ನು ಲಾಡ್ಜಿನ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದೆ. ಈಗ ನೋಡಿದರೆ ಅದೂ ಇಳಿದಿದೆ.

ಹೆದ್ದಾರಿ_ಹಳಬ, 8:41
ಹಾಗಾದರೆ ಇನ್ನೊಂದು ತಂತಿ ಉಳಿದಿದೆ. ಮತ್ತೊಮ್ಮೆ ಒರೆಸಿರಿ.

ಟ್ಯೂಬ್‌ಲೆಸ್_ಮಿತ್ರ, 8:50
ಈ ರಸ್ತೆಗೆ ಟ್ಯೂಬ್ ಹಾಕಿಕೊಂಡು ಹೋಗುವುದನ್ನೇ ನಾನು ಒಪ್ಪುವುದಿಲ್ಲ. ನನ್ನದು 32 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರ್, ಒಳಗೆ ತೂತನ್ನು ತಾನಾಗಿಯೇ ಮುಚ್ಚುವ ಸೀಲೆಂಟ್ ದ್ರವ, ಹಿಂದೆ 60 ಪಿಎಸ್‌ಐ. ಕಳೆದ ವರ್ಷ ಇದೇ ರಸ್ತೆಯಲ್ಲಿ ಚೆನ್ನೈವರೆಗೆ ಒಮ್ಮೆಯೂ ಇಳಿಯಬೇಕಾಗಲಿಲ್ಲ.

ಹೆದ್ದಾರಿ_ಹಳಬ, 8:54
ಟ್ಯೂಬ್ ಇಲ್ಲದ ಟೈರಿಗಾಗಿ ರಾತ್ರಿ ಒಂಬತ್ತಕ್ಕೆ ವೆಲ್ಲೂರಿನಲ್ಲಿ ಅವರು ರಿಮ್ ಬದಲಾಯಿಸಬೇಕೇ? ಈ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಬಸವನಗುಡಿ_ಬೆಳಗು, 9:02
ಬಿಸಿಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ. ಬೆಂಗಳೂರಿನ ತಂಪಿನಲ್ಲಿ ತುಂಬಿಸಿದ ಗಾಳಿ ಆಂಬೂರಿನ ಕಾದ ರಸ್ತೆಯಲ್ಲಿ ಹಿಗ್ಗಿ ಟ್ಯೂಬನ್ನು ಒಡೆದಿರಬೇಕು.

ಚಕ್ರ_ಕಟ್ಟುವವಳು, 9:15
ಬಿಸಿಲಿಗೆ ಅಷ್ಟು ಬಲವಿಲ್ಲ. 25 ಡಿಗ್ರಿಯಲ್ಲಿ 90 ಪಿಎಸ್‌ಐ ತುಂಬಿಸಿದ ಗಾಳಿ 45 ಡಿಗ್ರಿಗೆ ಕಾದರೂ ಒತ್ತಡ ಏರುವುದು ಸುಮಾರು 7 ಪಿಎಸ್‌ಐ ಮಾತ್ರ. ಅಲ್ಲದೆ, ಇಂದು ಸಂಜೆಯ ಟ್ಯೂಬ್ ಇಳಿದದ್ದು ಕೋಣೆಯ ನೆರಳಿನಲ್ಲಿ. ತಂತಿಯಿಂದ ಒಂದು ತೂತು ಆಗಿರಬಹುದು, ಆದರೆ ಭಾರವೇ ಬೀಳದೆ ನಿಂತ ಸೈಕಲ್ಲಿನ ಗಾಳಿ ಹೋಗಿದೆ ಎಂದ ಮೇಲೆ ನಾನು ಟೈರನ್ನು ಬಿಟ್ಟು ರಿಮ್ಮನ್ನು ನೋಡುತ್ತೇನೆ. ಕೊನೆಯ ಸವಾರರೇ, ಮೂರು ವಿಷಯ ತಿಳಿಸಿರಿ. ತೂತುಗಳು ಟ್ಯೂಬಿನ ಯಾವ ಮೈಯಲ್ಲಿವೆ, ಟೈರಿನ ಕಡೆಯೋ ರಿಮ್ಮಿನ ಕಡೆಯೋ? ವಾಲ್ವಿನಿಂದ ಎಷ್ಟು ದೂರದಲ್ಲಿವೆ? ಹೊರಡುವ ಮುನ್ನ ಆ ಚಕ್ರವನ್ನು ಯಾರಾದರೂ ಬಿಚ್ಚಿದ್ದರೇ?

ಕೊನೆಯ_ಸವಾರ, 9:38
ಎಲ್ಲ ಟ್ಯೂಬುಗಳನ್ನೂ ಬಕೆಟ್ ನೀರಿನಲ್ಲಿ ಅದ್ದಿ ನೋಡಿದೆ. ಒಂದರ ತೂತು ಮಾತ್ರ ಟೈರಿನ ಕಡೆಗಿದೆ, ಉಳಿದವೆಲ್ಲ ರಿಮ್ಮಿನ ಕಡೆಗಿವೆ, ವಾಲ್ವಿನಿಂದ ಒಂದು ಗೇಣಿನೊಳಗೆ. ಹೌದು ಮೇಡಂ, ಹಿಂದಿನ ವಾರ ಎರಡು ಸ್ಪೋಕ್ ಮುರಿದಿದ್ದವು, ಅಂಗಡಿಯೊಂದರಲ್ಲಿ ಹಾಕಿಸಿದೆ, ರಿಮ್ಮಿನ ಸ್ಪೋಕ್ ತೂತುಗಳನ್ನು ಮುಚ್ಚುವ ರಿಮ್ ಟೇಪನ್ನೂ ಅವರೇ ಬದಲಾಯಿಸಿದರು. ಪಂಕ್ಚರಿಗೂ ಅದಕ್ಕೂ ಸಂಬಂಧವಿದೆಯೆಂದು ತೋಚದೆ ಬರೆದಿರಲಿಲ್ಲ.

ಚಕ್ರ_ಕಟ್ಟುವವಳು, 9:46
ಸಂಬಂಧ ಅಲ್ಲಿಯೇ ಇದೆ. ಟೇಪಿನ ಅಗಲ ಕಡಿಮೆಯಿದ್ದರೆ ಅದು ಒಂದು ಪಕ್ಕಕ್ಕೆ ಸರಿದು ಸ್ಪೋಕ್ ತೂತಿನ ಅಂಚು ಬಯಲಾಗುತ್ತದೆ, ಒತ್ತಡಕ್ಕೆ ಟ್ಯೂಬ್ ಆ ತೂತಿನೊಳಕ್ಕೆ ಉಬ್ಬಿ ಲೋಹದ ಅಂಚಿಗೆ ತಾಗಿ ಕೊಯ್ದುಕೊಳ್ಳುತ್ತದೆ. ಪಂಕ್ಚರಿಗೆ ಹೆದರಿ 110 ತುಂಬಿಸಿದ್ದರಿಂದ ಕೊಯ್ತ ಇನ್ನೂ ಬೇಗ ಆಗಿದೆ.

ಈಗಲೇ ಟೇಪನ್ನು ತೆಗೆದು, ಹೊಸ ಸ್ಪೋಕುಗಳ ತುದಿ, ಅವನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್‌ನಿಂದ ಮೇಲೆ ಬಂದಿದೆಯೇ ಎಂದು ನೋಡಿರಿ. ಬಂದಿದ್ದರೆ ಅದನ್ನು ಅರದಿಂದ ಉಜ್ಜಿ ಮಟ್ಟ ಮಾಡಲೇಬೇಕು, ಟೇಪ್ ಅದನ್ನು ತಡೆಯುವುದಿಲ್ಲ. ಬಳಿಕ ಔಷಧಿ ಅಂಗಡಿಗೆ ಹೋಗಿ, ಗಾಯಕ್ಕೆ ಹಚ್ಚುವ ಬಟ್ಟೆಯ ಪ್ಲಾಸ್ಟರ್ ಸುರುಳಿ ತನ್ನಿರಿ. ಸಿಎಂಸಿ ಆಸ್ಪತ್ರೆಯಿರುವ ಊರಿನಲ್ಲಿ ಈ ಹೊತ್ತಿಗೂ ಅದು ಸಿಗುತ್ತದೆ. ರಿಮ್ಮನ್ನು ಒರೆಸಿ ಒಣಗಿಸಿ, ತೂತುಗಳ ಎರಡೂ ಅಂಚು ಮುಚ್ಚುವಂತೆ ಬಿಗಿಯಾಗಿ ಎಳೆದು ಎರಡು ಸುತ್ತು ಹಾಕಿರಿ, ಆದರೆ ಟೈರಿನ ಅಂಚು ಕೂರುವ ಜಾಗದ ಮೇಲೆ ಪ್ಲಾಸ್ಟರ್ ಹತ್ತಬಾರದು. ವಾಲ್ವಿಗಾಗಿ ಪ್ಲಾಸ್ಟರಿನಲ್ಲಿ ಚಿಕ್ಕ ತೂತು ಮಾಡಿರಿ. ಗಾಳಿ 85 ಸಾಕು.

ಬಸವನಗುಡಿ_ಬೆಳಗು, 9:58
ವಿದ್ಯುತ್ ಕೆಲಸದ ಇನ್ಸುಲೇಷನ್ ಟೇಪ್ ಆಗದೇ? ಅದು ತಂಡದಲ್ಲಿ ಯಾರ ಬಳಿಯಾದರೂ ಇದ್ದೇ ಇರುತ್ತದೆ.

ಚಕ್ರ_ಕಟ್ಟುವವಳು, 10:03
ಬೇಡ. ಅದು ಹಿಗ್ಗುವ ಟೇಪ್, ಬಿಸಿಗೆ ಅದರ ಅಂಟು ಕರಗಿ ಮತ್ತೆ ಪಕ್ಕಕ್ಕೆ ಸರಿಯುತ್ತದೆ. ತಾವು ಹೇಳಿದ ಬಿಸಿಲು ಅಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹೆದ್ದಾರಿ_ಹಳಬ, 10:10
ಒಂದು ತೂತು ಟೈರಿನ ಕಡೆಗಿತ್ತು, ಆದ್ದರಿಂದ ತಂತಿಯ ಮಾತನ್ನು ನಾನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ಟ್ಯೂಬಿನ ಯಾವ ಮೈ ಎಂದು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ, ಕ್ಷಮಿಸಿ. ಟೈರಿನ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿಕೊಳ್ಳಿರಿ. ಮುಂದೆ ತೂತಾದರೆ ಟ್ಯೂಬನ್ನು ಪಕ್ಕದಲ್ಲಿಟ್ಟು ಅಳೆದ ಕೂಡಲೇ ತಂತಿ ಇರುವ ಜಾಗ ತಿಳಿಯುತ್ತದೆ.

ಕೊನೆಯ_ಸವಾರ, ಮರುದಿನ ಬೆಳಿಗ್ಗೆ 10:20
ಕಾಂಚೀಪುರದಿಂದ ಬರೆಯುತ್ತಿದ್ದೇನೆ. ಟೇಪ್ ನಿಜವಾಗಿಯೂ ಸರಿದಿತ್ತು, ಮೂರು ತೂತುಗಳ ಅಂಚು ಕಾಣುತ್ತಿತ್ತು. ಸ್ಪೋಕಿನ ತುದಿಗಳು ಒಳಗೇ ಇದ್ದವು. ಪ್ಲಾಸ್ಟರ್ ಸುತ್ತುವಾಗ ತಂಡದ ಇಬ್ಬರು ಚಕ್ರ ಹಿಡಿದು ಕುಳಿತರು, ಮಲಗುವಾಗ ಹನ್ನೆರಡು ಗಂಟೆ. ಇಂದು ವೆಲ್ಲೂರಿನಿಂದ ಇಲ್ಲಿಯವರೆಗೆ ಒಂದು ಸಲವೂ ಗಾಳಿ ಹೋಗಿಲ್ಲ. ತಮಗೆಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಒಂದು ಪ್ರಶ್ನೆ ಉಳಿದಿದೆ. ಅದೇ ಅಂಗಡಿಯವರು ಅಂದು ಮುಂದಿನ ಚಕ್ರಕ್ಕೂ ಅದೇ ಟೇಪ್ ಹಾಕಿದ್ದರು. ಅದು ಈವರೆಗೆ ತೊಂದರೆ ಕೊಟ್ಟಿಲ್ಲ. ಹಾಗೆಯೇ ಬಿಡಬಹುದೇ?

ಚಕ್ರ_ಕಟ್ಟುವವಳು, 10:31
ಬಿಡಬೇಡಿ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ, ಆದ್ದರಿಂದ ತಾವು ಅಲ್ಲಿ ಗಾಳಿಯನ್ನೂ ಕಡಿಮೆ ತುಂಬಿಸಿರುತ್ತೀರಿ, ಇಷ್ಟು ದಿನ ಉಳಿದಿರುವುದು ಅದರಿಂದಲೇ ಇರಬಹುದು. ಶ್ರೀಪೆರುಂಬುದೂರು ದಾಟಿದ ಮೇಲೆ ವಾಹನಗಳು ಹೆಚ್ಚು, ಅಲ್ಲಿ ಇಳಿಜಾರಾಗಲಿ ತಿರುವಾಗಲಿ ಮುಂದಿನ ಗಾಳಿ ಥಟ್ಟನೆ ಹೋದರೆ ಹ್ಯಾಂಡಲ್ ಕೈಗೆ ನಿಲ್ಲುವುದಿಲ್ಲ. ಪ್ಲಾಸ್ಟರ್ ಉಳಿದಿದ್ದರೆ ಊಟಕ್ಕೆ ಕೂರುವ ಮೊದಲೇ ಬಿಚ್ಚಿ ನೋಡಿರಿ.