ಅಪ್‌ಡೇಟ್: ಅಮ್ಮನೊಂದಿಗೆ ದಿಯುವಿಗೆ ಹೋಗಿ ಬಂದೆ

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಗುಜರಾತ್ ಕರಾವಳಿಯ ದಿಯು ದ್ವೀಪಕ್ಕೆ ಹೋದರೆ ಎರಡು ದಿನ ಸಾಕೇ ಎಂದು ಕೇಳಿದ್ದೆ. ಸಾಲಲಿಲ್ಲ, ಮೂರನೆಯ ದಿನವೂ ಉಳಿದೆವು. ವಾರಾಂತ್ಯ ತಪ್ಪಿಸಿ ಎಂದವರಿಗೆ ದೊಡ್ಡ ನಮಸ್ಕಾರ. ಮಂಗಳವಾರದ ಮಧ್ಯಾಹ್ನ ಹಳೆಯ ಬೀದಿಗಳಲ್ಲಿ ನಾವಿಬ್ಬರು ಮತ್ತು ನಾಲ್ಕು ನಾಯಿಗಳು, ಅಷ್ಟೇ.

ಪೋರ್ಚುಗೀಸರು 1535ರಲ್ಲಿ ಕಟ್ಟತೊಡಗಿದ ಕೋಟೆಯನ್ನು ಅಮ್ಮ ಅರ್ಧ ಮಾತ್ರ ಹತ್ತಿದರು. ತುಕ್ಕು ಹಿಡಿದ ಫಿರಂಗಿಯ ಪಕ್ಕ ನೆರಳು ಹುಡುಕಿ ಕುಳಿತು, ನೀರಿನ ನಡುವೆ ಹಡಗಿನಂತೆ ನಿಂತ ಪಾನಿಕೋಠಾ ಎಂಬ ಪುಟ್ಟ ಜಲಕೋಟೆಯನ್ನು ಒಂದು ಗಂಟೆ ನೋಡಿದರು. ನನಗೆ ಅದಕ್ಕಿಂತಲೂ ಹಿಡಿಸಿದ್ದು ನಾಯ್ಡಾ ಗುಹೆಗಳು. ಬಿಸಿಲು ಏರಿದ ಮೇಲೆ ಹೋಗಿ, ಮೇಲಿನ ಕಿಂಡಿಗಳಿಂದ ಬೆಳಕು ಕಂಬಕಂಬವಾಗಿ ಇಳಿಯುವುದು ಆಗಲೇ. ನಾಗೋವಾ ಕಡಲತೀರ ಪರವಾಗಿಲ್ಲ. ಹತ್ತಿರದ ಊರಾದ ಉನಾದಿಂದ ದಿಯುವಿಗೆ ಬರಲು ಆಟೋದವರೊಬ್ಬರು ದುಪ್ಪಟ್ಟು ಕೇಳಿದರು, ಬಸ್ಸೇ ವಾಸಿ.