ಅಂಕೋಲಾ–ಕಾರವಾರ ಓಡಾಟಕ್ಕೆ 45 ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಬೈಕು: ಯಾವುದು ತಗೊಳ್ಳಲಿ, ಏನೇನು ನೋಡಲಿ?

ಗಂಗಾವಳಿ ದಡ

ನಮಸ್ಕಾರ. ಎಲ್‌ಎಲ್‌ಆರ್ ಆಗಿದೆ, ಗೇರ್ ಗಾಡಿ ನನಗೆ ಹೊಸದು. ಈವರೆಗೆ ಓಡಿಸಿದ್ದು ಸ್ಕೂಟಿ ಮಾತ್ರ. ಅಂಕೋಲಾದಿಂದ ಕಾರವಾರಕ್ಕೆ ದಿನಾ ಹೋಗಿ ಬರಬೇಕು, ಒಂದು ಕಡೆಗೆ ಸುಮಾರು 35 ಕಿ.ಮೀ., ಹೆಚ್ಚುಕಡಿಮೆ ಪೂರ್ತಿ ಹೈವೇ. ತಿಂಗಳಿಗೆ ಒಂದೆರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಹೋಗುವುದಿರುತ್ತದೆ. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಕೈಯಲ್ಲಿರುವುದು 45 ಸಾವಿರ, ಅದರ ಮೇಲೆ ಹೋಗುವ ಹಾಗಿಲ್ಲ.

ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು ಕಾರವಾರದ್ದೇ ಸ್ಪ್ಲೆಂಡರ್ ಪ್ಲಸ್, 2017ರದ್ದು, 42 ಸಾವಿರ ಹೇಳ್ತಿದ್ದಾರೆ. ಇನ್ನೊಂದು ಗೋವಾ ನಂಬರಿನ ಪಲ್ಸರ್ 150, 2016ರದ್ದು, 34 ಸಾವಿರ. ಹೊಸ ಪೇಂಟ್ ಹೊಡೆಸಿದ್ದಾರೆ, ನೋಡಲಿಕ್ಕೆ ಪಲ್ಸರ್ರೇ ಚೆಂದ. ಮೆಕ್ಯಾನಿಕ್ಕನ್ನು ಕರಕೊಂಡು ಹೋಗುವ ಮೊದಲು ನಾನೇ ಏನೇನು ನೋಡಿಕೊಳ್ಳಬಹುದು? ಹಳಬರು ತಿಳಿಸಿ.

ಬಂದರು ರಸ್ತೆ

ತಮ್ಮಾ, ಕರಾವಳಿಯ ಗಾಡಿಗೆ ಮೊದಲು ಮೀಟರ್ ನೋಡಬೇಡ, ಅಡಿಭಾಗ ನೋಡು. ಒಳನಾಡಿನಲ್ಲಿ ಎಂಜಿನ್ ಸವೆದು ಗಾಡಿ ಹಳತಾಗುತ್ತದೆ. ನಮ್ಮಲ್ಲಿ ಎಂಜಿನ್ ಗಟ್ಟಿಯಿದ್ದಾಗಲೇ ಉಪ್ಪುಗಾಳಿ ಕಬ್ಬಿಣ ತಿಂದಿರುತ್ತದೆ. ಎಂಜಿನ್ ಕೆಲಸ ಯಾವ ಗ್ಯಾರೇಜಿನಲ್ಲೂ ಆಗುತ್ತದೆ, ಕೊಳೆತ ಚಾಸಿಗೆ ಮದ್ದಿಲ್ಲ. ಬಂದರಿನಲ್ಲಿ ಮೀನಿನ ಕ್ರೇಟ್ ಹೊತ್ತ ಗಾಡಿಗಳಂತೂ ಇನ್ನೂ ಕಷ್ಟ. ಐಸ್ ಕರಗಿದ ಉಪ್ಪುನೀರು ಸೀಟಿನ ಹಿಂದಿನಿಂದ ಇಳಿದು ಮಡ್‌ಗಾರ್ಡ್ ಮತ್ತು ಚಾಸಿ ಕೂಡುವ ಜಾಗದಲ್ಲೇ ನಿಲ್ಲುತ್ತದೆ.

ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಹಳೇ ಬಟ್ಟೆ ತಗೊಂಡು ಹೋಗು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ ಕೆಳಗೆ ಕೂತುಕೋ. ಸ್ಟ್ಯಾಂಡ್ ಚಾಸಿಗೆ ಕೂಡುವ ಕಡೆ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳಿನ) ಒಳಬದಿ, ಚೈನ್ ಕವರಿನ ಹಿಂದೆ, ಸೈಲೆನ್ಸರಿನ ತಳ: ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿ. ಟಣ್ ಎಂದರೆ ಲೋಹ ಇದೆ. ಸದ್ದು ಸತ್ತಂತೆ ಬಂದು ಪೇಂಟು ಹಕ್ಕಳೆಯಾಗಿ ಎದ್ದರೆ ಒಳಗೆ ತುಕ್ಕು ಪದರವಾಗಿದೆ ಎಂದರ್ಥ. ಮೇಲ್ಮೈಯ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ, ಅದಕ್ಕೆ ಹೆದರಬೇಡ. ಬೆಸುಗೆ ಹಾಕಿದ ಕೂಡಿಕೆಗಳಲ್ಲಿ ತುಕ್ಕು ಉಬ್ಬಿದ್ದರೆ ಗಾಡಿ ಬಿಟ್ಟುಬಿಡು. ಮಾರುವ ಮುಂಚೆ ಹೊಸ ಪೇಂಟ್ ಹೊಡೆದ ಗಾಡಿಯಲ್ಲಿ ಈ ಪರೀಕ್ಷೆ ಎರಡು ಪಟ್ಟು ಬೇಕು. ಟ್ಯಾಂಕಿಗೆ ಮಾತ್ರ ಪೇಂಟ್ ಆಗಿದ್ದರೆ ಏನೂ ಇಲ್ಲ. ಚಾಸಿಗೂ ಸ್ವಿಂಗ್ ಆರ್ಮಿಗೂ ದಪ್ಪಗೆ ಕಪ್ಪು ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳು.

ಮುಂದಿನ ಫೋರ್ಕಿನ ಹೊಳೆಯುವ ಒಳಕೊಳವೆಯನ್ನು ಬಟ್ಟೆಯಿಂದ ಒರೆಸಿ ಉಗುರು ಓಡಿಸು. ಸೀಲಿನ ಮೇಲೆ ಮೂರು-ನಾಲ್ಕು ಇಂಚಿನೊಳಗೆ ಉಗುರಿಗೆ ಚುಕ್ಕೆ ಚುಕ್ಕೆ ಸಿಕ್ಕಿದರೆ ಕ್ರೋಮ್ ಎದ್ದು ತುಕ್ಕು ಕೂತಿದೆ. ಆ ಜಾಗ ಪ್ರತಿ ಹೊಂಡಕ್ಕೂ ಸೀಲಿನೊಳಗೆ ಹೋಗಿ ಬರುತ್ತದೆ, ಅರದ ಹಾಗೆ ಸೀಲನ್ನು ಕೊಯ್ಯುತ್ತದೆ. ಮಾರುವವರು "ಬರೇ ಆಯಿಲ್ ಸೀಲ್, ಹಾಕಿಸಿಕೊಂಡರೆ ಆಯ್ತು" ಅಂತಾರೆ. ಹೊಸ ಸೀಲೂ ಬಹಳ ದಿನ ಬಾಳುವುದಿಲ್ಲ, ಕೊಳವೆಯನ್ನೇ ಬದಲಿಸಬೇಕು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಎಂಟು-ಹತ್ತು ಸಲ ಒತ್ತಿ ನೋಡು, ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೋರುತ್ತಿದೆ.

ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಗಾಡಿಯಾದರೆ ಇನ್ನೊಂದು ಕೆಲಸ ತಪ್ಪಿಸಬೇಡ. ಕಾರ್ಬುರೇಟರ್ ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಬಿಡಿಸು, ಎಂಜಿನ್ ತಣ್ಣಗಿರುವಾಗ, ಬೀಡಿ-ಸಿಗರೇಟಿನಿಂದ ದೂರ. ಎರಡು ನಿಮಿಷ ಇಟ್ಟು ಬೆಳಕಿಗೆ ಹಿಡಿ. ತಳದಲ್ಲಿ ನೀರಿನ ಗುಳ್ಳೆ ನಿಂತರೆ ಅಥವಾ ಕೆಂಪು ಪುಡಿ ಇಳಿದರೆ ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗೆ ಈ ರೋಗ ಜಾಸ್ತಿ.

ವೈರಿಂಗ್ ಬಗ್ಗೆ ಇಷ್ಟೇ: ಹೆಡ್‌ಲೈಟ್, ಹಾರ್ನ್, ಇಂಡಿಕೇಟರ್ ಎಲ್ಲ ಹಾಕಿ, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸು. ನಡುವೆ ಎಲ್ಲಾದರೂ ಆರಿದರೆ ಒಳಗೆ ವಯರು ತುಂಡಾಗಿದೆ ಅಥವಾ ಕನೆಕ್ಟರ್ ಹಸಿರುಗಟ್ಟಿದೆ.

ಘಟ್ಟದ ಮೇಲಿನವ

ಮೇಲಿನದ್ದೆಲ್ಲ ಸರಿ. ಹಾಗಾದರೆ ಹುಡುಕಾಟವನ್ನೇ ಘಟ್ಟದ ಮೇಲೆ ಮಾಡಿ ಅನ್ನುವುದು ನನ್ನ ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗಾಡಿಗೆ ಉಪ್ಪಿನ ಕಾಟ ಇಲ್ಲ. ಆದರೆ ಇಲ್ಲಿನ ಗಾಡಿಗೆ ಬೇರೆ ಸವೆತ ಇದೆ, ಕ್ಲಚ್ ಮತ್ತು ಬ್ರೇಕಿನದು. ತೋಟದ ರಸ್ತೆಯ ಕೆಸರು ಚೈನನ್ನೂ ವೀಲ್ ಬೇರಿಂಗನ್ನೂ ತಿಂದಿರುತ್ತದೆ. ಇವೆಲ್ಲ ಬದಲಿಸಬಹುದಾದ ಸಾಮಾನು ಅನ್ನುವುದೇ ಲಾಭ.

ಕ್ಲಚ್ ನೋಡುವುದು ಏರಿನಲ್ಲಿ. ಮೂರನೇ ಗೇರಿನಲ್ಲಿ 30ರ ವೇಗದಲ್ಲಿ ಹೋಗುತ್ತಾ ಎಕ್ಸಲೇಟರ್ ಪೂರ್ತಿ ಕೊಡಿ. ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಅಷ್ಟಕ್ಕೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ, ಕಟಕಟ ಅಂದರೆ ಬುಷ್ ಅಥವಾ ಬೇರಿಂಗ್ ಹೋಗಿದೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ಒಂದು ಬೆರಳಲ್ಲಿ ನಿಧಾನ ತಿರುಗಿಸಿ. ಸರಿ ನಡುವಿನಲ್ಲಿ ಹಳ್ಳಕ್ಕೆ ಕೂತಂತೆ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದಿದೆ, ಹೈವೇಯಲ್ಲಿ ಗಾಡಿ ನೇರ ಹೋಗುವುದಿಲ್ಲ. ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಬದಿಯಲ್ಲಿ ಹಿಡಿದು ಎಳೆಯಿರಿ. ಹಲ್ಲಿನಿಂದ ಎದ್ದು ಬಂದರೆ, ಇಲ್ಲವೆ ಹಲ್ಲುಗಳು ಒಂದೇ ಕಡೆ ಕೊಕ್ಕೆಯಾಗಿದ್ದರೆ ಚೈನ್ ಸ್ಪ್ರಾಕೆಟ್ ಸೆಟ್ಟಿನ ಖರ್ಚು ಇದೆ. ಚೈನ್ ಮಾತ್ರ ಬದಲಿಸಿದರೆ ಹಳೇ ಹಲ್ಲು ಹೊಸ ಚೈನನ್ನು ಬೇಗ ಕೆಡಿಸುತ್ತದೆ.

ಎಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಿರಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿನ ಎಂಜಿನ್ ಒಂದೆರಡು ಕಿಕ್ಕಿಗೆ ಏಳಬೇಕು. ಮಳೆಗಾಲದ ಬೆಳಿಗ್ಗೆ ಬಿಳಿ ಹೊಗೆ ಸ್ವಲ್ಪ ಬಂದು ನಿಂತರೆ ಅದು ತೇವ, ಚಿಂತೆ ಇಲ್ಲ. ಬಿಸಿಯಾದ ಮೇಲೂ ಎಕ್ಸಲೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್. ಹೊಸಬರಿಗೆ ಅಂಥ ಗಾಡಿ ಬೇಡವೇ ಬೇಡ.

ಮಾಡೆಲ್ ವಿಚಾರ. ಸ್ಪ್ಲೆಂಡರಿಗೂ ಪಲ್ಸರ್ 150ಕ್ಕೂ ಸೀಟಿನ ಎತ್ತರದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಆದರೆ ಸ್ಪ್ಲೆಂಡರ್ ಸುಮಾರು 110 ಕಿಲೋ, ಪಲ್ಸರ್ 145ರ ಹತ್ತಿರ. ಘಟ್ಟದ ತಿರುವಿನಲ್ಲಿ ಎದುರು ಬಸ್ ಬಂದು ನಿಲ್ಲಿಸಬೇಕಾದಾಗ, ಕಾಲು ಜಂಬಿಟ್ಟಿಗೆಯ ಕೆಸರಲ್ಲಿ ಜಾರಿದಾಗ ಆ 35 ಕಿಲೋ ಲೆಕ್ಕಕ್ಕೆ ಬರುತ್ತದೆ. ಮೊದಲ ವರ್ಷಕ್ಕೆ ಹಗುರ ಗಾಡಿಯೇ ಸರಿ.

ನನ್ನ ಒತ್ತಾಯ ಒಂದೇ. 2017 ಬಿಟ್ಟು 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ತಯಾರಾದ ಗಾಡಿ ಹುಡುಕಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ 125 ಸಿಸಿವರೆಗೆ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವುದು), ಅದಕ್ಕಿಂತ ಮೇಲೆ ಎಬಿಎಸ್ (ಗಟ್ಟಿ ಬ್ರೇಕಿಗೂ ಚಕ್ರ ಲಾಕ್ ಆಗದ ಹಾಗೆ ತಡೆಯುವುದು) ಕಡ್ಡಾಯವಾಯಿತು. ಎಚ್‌ಎಸ್‌ಆರ್‌ಪಿ ಪ್ಲೇಟೂ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಅಂದಿನಿಂದ ಗಾಡಿಯ ಜೊತೆಗೇ ಬಂತು. 2020ರ ಏಪ್ರಿಲ್‌ನಿಂದ ಬಿಎಸ್ 6 (ಹೊಗೆಯ ಹೊಸ ನಿಯಮ) ಕಡ್ಡಾಯವಾಗಿ ಸ್ಪ್ಲೆಂಡರಿಗೂ ಫ್ಯುಯೆಲ್ ಇಂಜೆಕ್ಷನ್ ಸೇರಿತು. ನಡುವಿನ ಆ ಒಂದು ವರ್ಷದ ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಹೊಸ ಕಾಲದ್ದು, ಕಾರ್ಬುರೇಟರ್ ಯಾವ ಹಳ್ಳಿ ಗ್ಯಾರೇಜಿನಲ್ಲೂ ಬಿಚ್ಚುವಂಥದ್ದು. ಸಿಬಿಎಸ್ ಕೆಲಸ ಮಾಡುತ್ತದೋ ನೋಡಲು ಮುಂದಿನ ಚಕ್ರ ಎತ್ತಿಸಿ, ತಿರುಗಿಸಿ, ಹಿಂದಿನ ಬ್ರೇಕ್ ಪೆಡಲ್ ಒತ್ತಿ. ಮುಂದಿನ ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಕೇಬಲ್ ತುಕ್ಕು ಹಿಡಿದಿದೆ ಅಥವಾ ಯಾರೋ ಬಿಚ್ಚಿಟ್ಟಿದ್ದಾರೆ.

ಮಾಜಾಳಿ ಗಡಿ

ಗೋವಾ ಪಲ್ಸರಿನ 34 ಸಾವಿರ ಅನ್ನುವುದು ಪೂರ್ತಿ ಬೆಲೆ ಅಲ್ಲ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಮೊದಲು ಮಾರುವವರು ಗೋವಾ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತರಬೇಕು. ಸಾಲ ಇದ್ದರೆ ಅದು ತೀರಿರಬೇಕು, ದಂಡ ಬಾಕಿ ಇರಬಾರದು. ಆಮೇಲೆ ಇಲ್ಲಿ ಹೊಸ ನಂಬರಿಗೆ ಫಾರಂ 27, ವರ್ಗಾವಣೆಗೆ 29 ಮತ್ತು 30, ತಪಾಸಣೆ, ಟ್ಯಾಕ್ಸ್. "ಎನ್‌ಒಸಿ ಆಮೇಲೆ ಕೊಡಿಸ್ತೇನೆ" ಅಂದರೆ ದುಡ್ಡನ್ನೂ ಆಮೇಲೆ ಕೊಡಿ. ಎನ್‌ಒಸಿ ಕೈಗೆ ಬಂದ ಮೇಲೂ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿಕೊಂಡೇ ವ್ಯಾಪಾರ ಮುಗಿಸಿ.

ಯಾವ ಗಾಡಿಯಾದರೂ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ಹಾಕಿ. ಹ್ಯಾಂಡಲಿನ ಕೆಳಗೆ ಚಾಸಿಯ ಕುತ್ತಿಗೆಯ ಮೇಲೆ ಕೊರೆದಿರುತ್ತಾರೆ. ಕರಾವಳಿ ಗಾಡಿಗಳಲ್ಲಿ ಅದೇ ತುಕ್ಕಿನಿಂದ ಮುಚ್ಚಿರುವುದುಂಟು. ಸೀಮೆಎಣ್ಣೆಯಲ್ಲಿ ಒರೆಸಿ ಓದಿ, ಗಟ್ಟಿಯಾಗಿ ಉಜ್ಜಬೇಡಿ. ಪೆನ್ಸಿಲ್ ಪ್ರಿಂಟ್ (ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು) ಸ್ಪಷ್ಟ ಬರದಿದ್ದರೆ ಆರ್‌ಟಿಒದಲ್ಲಿ ಕೆಲಸ ನಿಲ್ಲುತ್ತದೆ.

ಗಂಗಾವಳಿ ದಡ

ಎಲ್ಲರಿಗೂ ಧನ್ಯವಾದ. ಪಲ್ಸರ್ ಕೈಬಿಟ್ಟೆ. ಸ್ಪ್ಲೆಂಡರಿನವರನ್ನು ಕೇಳಿದರೆ ಆರ್‌ಸಿ ಬೇರೆಯವರ ಹೆಸರಲ್ಲಿದೆ, ಸಹಿ ಹಾಕಿದ ಫಾರಂ ನಮ್ಮ ಹತ್ತಿರ ಇದೆ, ಏನೂ ತೊಂದರೆ ಇಲ್ಲ ಅಂತಾರೆ. ತಗೊಳ್ಳಬಹುದಾ ಅಣ್ಣ? ಮತ್ತೆ, 100 ಸಿಸಿ ಹೈವೇಗೆ ಕಮ್ಮಿ ಆಗುವುದಿಲ್ಲವಾ?

ಮಾಜಾಳಿ ಗಡಿ

ಬೇಡ. ಖಾಲಿ ಫಾರಂ ಮೇಲೆ ಕೈಯಿಂದ ಕೈಗೆ ದಾಟಿದ ಗಾಡಿ ಅದು. ವರ್ಗಾವಣೆಯ ಅರ್ಜಿ ಹಾಕುವಾಗ ಆರ್‌ಸಿ ಮಾಲೀಕರ ಮೊಬೈಲಿಗೇ ಒಟಿಪಿ ಹೋಗುತ್ತದೆ, ಅವರು ಊರಲ್ಲಿಲ್ಲ ಅಥವಾ ಫೋನ್ ಎತ್ತುವುದಿಲ್ಲ ಅಂದರೆ ಕೆಲಸ ಅಲ್ಲಿಗೇ ನಿಂತಿತು. ಆರ್‌ಸಿಯಲ್ಲಿ ಹೆಸರಿರುವವರು ಎದುರು ಕೂತು ಸಹಿ ಹಾಕಲಿ, ಗುರುತಿನ ಚೀಟಿಯ ಪ್ರತಿ ಕೊಡಲಿ. ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಇನ್ಶೂರೆನ್ಸನ್ನೂ ಅಷ್ಟರೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. 2019ರ ಗಾಡಿಗಳಿಗೆ ಕೊಳ್ಳುವಾಗ ಮಾಡಿಸಿದ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮುಗಿದಿರುತ್ತದೆ, ಆಮೇಲೆ ಕಟ್ಟಿದ್ದಾರೋ ಇಲ್ಲವೋ ಕೇಳಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಸಾಲ ತೀರಿದ್ದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು.

ಘಟ್ಟದ ಮೇಲಿನವ

50–60ರಲ್ಲಿ ಎಡಕ್ಕೆ ಹೋಗುವವರಿಗೆ 100 ಸಿಸಿ ಸಾಕು. ಹಿಂದೆ ಕೂರಿಸಿಕೊಂಡು ಘಟ್ಟ ಹತ್ತುವುದಿದ್ದರೆ 125ರ ಶೈನ್ ನೋಡಿ, ಭಾರ ಸ್ವಲ್ಪವೇ ಹೆಚ್ಚು. ಸ್ಪ್ಲೆಂಡರಿನಲ್ಲಿ ಎಲ್ಲ ಗೇರೂ ಮುಂದಕ್ಕೇ ಒತ್ತುವುದು. ಪಲ್ಸರಿನಂಥದ್ದರಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಕಲಿಯುವಾಗ ಎರಡು ಗಾಡಿ ಬೆರೆಸಬೇಡಿ. ಘಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಕ್ಲಚ್ ಹಿಡಿದು ಜಾರಿಸಿದರೆ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬಿದ್ದು ಲೈನರ್ ಕಾಯುತ್ತದೆ, ಕೆಳಗಿನ ತಿರುವಿನಲ್ಲಿ ಹಿಡಿಯುವುದಿಲ್ಲ.

ಬಂದರು ರಸ್ತೆ

45 ಸಾವಿರವನ್ನೂ ಗಾಡಿಗೇ ಸುರಿಯಬೇಡ, 37–38ಕ್ಕೆ ಮುಗಿಸು. ಉಳಿದದ್ದು ಇನ್ಶೂರೆನ್ಸ್, ಚೈನ್ ಸೆಟ್, ಟೈರಿಗೆ ಬೇಕಾಗುತ್ತದೆ. ಟೈರಿನ ಬದಿಯ ನಾಲ್ಕಂಕಿ ಓದು: 2319 ಅಂದರೆ 2019ರ 23ನೇ ವಾರ. ಟೈರಿನ ಗೀರು ಆಳ ಇದ್ದರೂ ರಬ್ಬರಿನಲ್ಲಿ ಸಣ್ಣ ಬಿರುಕು ಬಂದಿದ್ದರೆ ಮಳೆಯಲ್ಲಿ ಹಿಡಿತ ಇರುವುದಿಲ್ಲ.

ತಂದ ವಾರವೇ ಎಂಜಿನ್ ಆಯಿಲ್ ಬದಲಿಸು, ಸ್ಪ್ಲೆಂಡರಿಗೆ 10ಡಬ್ಲ್ಯು-30. ಏರ್ ಫಿಲ್ಟರ್, ಪ್ಲಗ್ ನೋಡಿಸು, ಕೋನ್ ಸೆಟ್ಟಿಗೆ ಗ್ರೀಸ್ ತುಂಬಿಸು. ಚೈನ್ ನಡುವಿನಲ್ಲಿ 20ರಿಂದ 30 ಮಿ.ಮೀ. ಸಡಿಲ ಇರಲಿ, ಬಿಗಿ ಮಾಡಿದರೆ ಬೇರಿಂಗಿಗೆ ಪೆಟ್ಟು. ತುಕ್ಕಿನ ಮೇಲೆಯೇ ಕೋಟಿಂಗ್ ಹೊಡೆಸಬೇಡ, ತೇವ ಒಳಗೇ ಸಿಕ್ಕಿ ಇನ್ನೂ ಬೇಗ ತಿನ್ನುತ್ತದೆ. ಉಜ್ಜಿ, ಒಣಗಿಸಿ, ರೆಡ್ ಆಕ್ಸೈಡ್ ಹಚ್ಚಿ ಆಮೇಲೆ ಪೇಂಟ್. ಟ್ಯಾಗೋರ್ ಕಡಲತೀರದ ಹತ್ತಿರ ದಿನವಿಡೀ ನಿಲ್ಲಿಸುವುದಿದ್ದರೆ ವಾರಕ್ಕೊಮ್ಮೆ ಸಿಹಿನೀರಲ್ಲಿ ಅಡಿ ತೊಳೆದು ಒರೆಸು. ಪ್ರೆಶರ್ ನೀರನ್ನು ಮಾತ್ರ ಚಕ್ರದ ಬೇರಿಂಗಿಗೆ ನೇರ ಹಿಡಿಯಬೇಡ.

ಶಿರಸಿ ಕಡೆ 2019ರ ಗಾಡಿ ಸಿಕ್ಕಿದರೆ ಚಾಸಿ ತಳದ, ಫೋರ್ಕಿನ ಫೋಟೋ ಇಲ್ಲಿ ಹಾಕು. ಟ್ಯಾಂಕಿನ ಫೋಟೋ ಬೇಡ.